ಮೊಟ್ಟೆಯೊಳಗಣ ಮೂರು ಪದರಗಳು

ಕೋಲಾರ ಸೀಮೆಯನ್ನು ಹಾಲು, ರೇಷ್ಮೆ, ಚಿನ್ನಗಳ ನಾಡೆಂದು ಕರೆಯುವುದು ವಾಡಿಕೆ. ಇವುಗಳಲ್ಲಿ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿಹೋದುವು. ಉಳಿದೆರಡು ಮಾತ್ರ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ಇಂದಿಗೂ ಎಷ್ಟೋ ಸಂಸಾರಗಳನ್ನು ಸಾಕುತ್ತಿವೆ. ಒಂದೇ ಮನೆಯ ಕೊಟ್ಟಿಗೆಯಲ್ಲಿ ಹಸು, ನಡುಮನೆಯಲ್ಲಿ ಹುಳುವಿನ ತಟ್ಟೆ; ಬೆಳಗಾದರೆ ಒಬ್ಬರು ಹಾಲಿನ ಪಾತ್ರೆಯನ್ನು ಹಿಡಿದು ಡೈರಿಗೆ ಹೋಗುವರು, ಇನ್ನೊಬ್ಬರು ಹಿಪ್ಪುನೇರಳೆ ಸೊಪ್ಪನ್ನು ಕತ್ತರಿಸಲು ಕೂರುವರು. ಹಸುವೆಲ್ಲಿ, ಹುಳುವೆಲ್ಲಿ! ಒಂದಕ್ಕೆ ಬೆನ್ನೆಲುಬುಂಟು, ಇನ್ನೊಂದಕ್ಕೆ ಎಲುಬೆಂಬುದೇ ಇಲ್ಲ. ಆದರೂ ಹಾಲನ್ನು ಕರೆಯುವ ಕೆಚ್ಚಲಿನ ಗ್ರಂಥಿಯೂ, ನೂಲನ್ನು ನೀಡುವ ರೇಷ್ಮೆಯ ಗ್ರಂಥಿಯೂ ಹುಟ್ಟಿದ್ದು ಒಂದೇ ಬಗೆಯ ಮೂಲದಿಂದ ಎಂದರೆ ನಮ್ಮ ವಾಚಕರಿಗೆ ಅಚ್ಚರಿಯಾದೀತು. ಆ ಮೂಲವೇ ಭ್ರೂಣದ ಹೊರಪದರ. ಈ ತಿಂಗಳು ನಾವು ಆ ಪದರದ ಕಥೆಯನ್ನೂ, ಅದರ ಒಡಹುಟ್ಟುಗಳಾದ ಇನ್ನೆರಡು ಪದರಗಳ ಕಥೆಯನ್ನೂ ಹೇಳಬೇಕೆಂದಿದ್ದೇವೆ. ಇದು ಬರಿಯ ಪಂಡಿತರ ವಿಷಯವಲ್ಲ; ಬಸುರಿಯಿರುವ ಮನೆಗೂ, ಹುಳು ಸಾಕುವ ಮನೆಗೂ, ಹಲ್ಲು ಮೂಡುವ ಮಕ್ಕಳಿರುವ ಮನೆಗೂ ಇದರಿಂದ ತಿಳಿಯತಕ್ಕುದು ಬಹಳವಿದೆ.

ಪ್ರತಿಯೊಂದು ಪ್ರಾಣಿಯೂ ಮೊದಲು ಒಂದೇ ಒಂದು ಜೀವಕಣ. ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಸೀಳುತ್ತ ಹೋಗಿ ಕಣಗಳ ಒಂದು ಗುಂಪಾಗುವುದು. ಆಗ ಇದು ಕಣ್ಣು, ಇದು ಕರುಳು ಎಂದು ಬೆರಳಿಟ್ಟು ತೋರಿಸಲು ಬಾರದು. ಬಳಿಕ ಆ ಕಣಗಳು ಕದಲತೊಡಗುವುವು. ಕೆಲವು ಹೊರಗೆ ಉಳಿಯುವುವು, ಕೆಲವು ಒಳಕ್ಕೆ ಜಾರುವುವು, ಮತ್ತೆ ಕೆಲವು ಇವೆರಡರ ನಡುವೆ ನುಸುಳಿ ಹರಡುವುವು. ಹೀಗೆ ಹಾಳೆಗಳನ್ನು ಒಂದರ ಮೇಲೊಂದು ಹಾಸಿದಂತೆ ಮೂರು ಪದರಗಳು ಏರ್ಪಡುವುವು. ಇವುಗಳನ್ನು ಹೊರಪದರ, ನಡುಪದರ, ಒಳಪದರ ಎಂದು ಕರೆಯೋಣ.

ಯಾವ ಪದರಕ್ಕೆ ಯಾವ ಕೆಲಸವೆಂಬುದು ಬಹುಮಟ್ಟಿಗೆ ಗೊತ್ತಾಗಿರುವ ಸಂಗತಿ. ಹೊರಪದರದಿಂದ ಚರ್ಮದ ಮೇಲ್ಭಾಗ, ಕೂದಲು, ಉಗುರು, ಗರಿ, ಗೊರಸು, ಕೊಂಬಿನ ಹೊರಚಿಪ್ಪು, ಹಲ್ಲಿನ ಹೊಳಪಿನ ಕವಚ ಇವುಗಳು ಬರುವುವು. ಇವುಗಳಿಗಿಂತ ಮಿಗಿಲಾಗಿ ಮಿದುಳು ಮತ್ತು ನರಗಳೂ ಅದರಿಂದಲೇ ಬರುವುವು. ನಡುಪದರದಿಂದ ಮಾಂಸಖಂಡ, ಎಲುಬು, ರಕ್ತ, ಹೃದಯ, ಮೂತ್ರಪಿಂಡ. ಒಳಪದರದಿಂದ ಕರುಳಿನ ಒಳಗೋಡೆ, ಯಕೃತ್ತು, ಮೇದೋಜೀರಕ ಗ್ರಂಥಿ, ಶ್ವಾಸಕೋಶದ ಒಳಗೋಡೆ. ಆಲೋಚನೆ ಮಾಡುವ ಮಿದುಳೂ ನಾವು ವಾರಕ್ಕೊಮ್ಮೆ ಕತ್ತರಿಸಿ ಬಿಸಾಡುವ ಉಗುರೂ ಒಂದೇ ಹಾಳೆಯ ಎರಡು ತುದಿಗಳೆಂಬುದು ವಿನೋದವಾಗಿ ತೋರಿದರೂ ದಿಟವಾದ ಮಾತು.

ಈ ತಿಳಿವಳಿಕೆ ಬಂದುದು ಮೊದಲು ಕೋಳಿಯ ಮೊಟ್ಟೆಯಿಂದ. ಕಾವಿಗೆ ಕೂತ ಕೋಳಿ 21 ದಿನಗಳಲ್ಲಿ ಮರಿ ಮಾಡುವುದೆಂಬುದು ನಮ್ಮ ಹಳ್ಳಿಗಳ ಹೆಂಗಸರೆಲ್ಲರಿಗೂ ಗೊತ್ತು. ಒಂದೊಂದು ದಿನಕ್ಕೆ ಒಂದೊಂದು ಮೊಟ್ಟೆಯನ್ನು ಒಡೆದು ನೋಡಿದರೆ ಮರಿ ಹೇಗೆ ಮೂಡುವುದೆಂಬುದನ್ನು ಕಣ್ಣಾರೆ ಕಾಣಬಹುದು. 1768ರಲ್ಲಿ ಕಾಸ್ಪರ್ ವುಲ್ಫ್ ಎಂಬ ಜರ್ಮನ್ ವೈದ್ಯನು, ಮರಿಯ ಕರುಳು ಮೊದಲು ಕೊಳವೆಯಾಗಿರದೆ ಎಲೆಯಂತೆ ಚಪ್ಪಟೆಯಾಗಿದ್ದು ಅನಂತರ ಸುತ್ತಿಕೊಂಡು ಕೊಳವೆಯಾಗುವುದೆಂದು ತೋರಿಸಿದನು. 1817ರಲ್ಲಿ ಕ್ರಿಶ್ಚಿಯನ್ ಪಾಂಡರನು ಕೋಳಿಯ ಭ್ರೂಣದಲ್ಲಿ ಮೂರು ಪದರಗಳಿರುವುದನ್ನು ಕಂಡುಕೊಂಡನು. ಅವನ ಗೆಳೆಯನಾದ ಕಾರ್ಲ್ ಅರ್ನ್ಸ್ಟ್ ಫಾನ್ ಬೇರನು 1828ರ ಗ್ರಂಥದಲ್ಲಿ ಈ ಪದರಗಳ ಮಾತನ್ನು ಮೀನು, ಕಪ್ಪೆ, ಹಾವು, ಹಕ್ಕಿ, ಪಶು ಮೊದಲಾದ ಬೆನ್ನೆಲುಬುಳ್ಳ ಪ್ರಾಣಿಗಳೆಲ್ಲಕ್ಕೂ ಹರಡಿದನು. ಹಾಕಿದ ಮೊಟ್ಟೆಯನ್ನು ಒಡೆದಾಗ ಹಳದಿಯ ಮೇಲೆ ಕಾಣುವ ಬಿಳಿಯ ಚುಕ್ಕೆಯೇ ಇದಕ್ಕೆಲ್ಲ ಬೀಜ. ಹುಂಜದ ಕೂಟವಾದ ಮೊಟ್ಟೆಯಾಗಿದ್ದರೆ ಆ ಚುಕ್ಕೆಯಲ್ಲಿ ಆಗಲೇ ಸಾವಿರಾರು ಜೀವಕಣಗಳಿರುವುವು. ಕಾವು ತಗುಲಿದ ಮೊದಲ ದಿನದಲ್ಲಿಯೇ ಪದರಗಳು ಬೇರ್ಪಡತೊಡಗುವುವು. ಎರಡನೆಯ ದಿನದೊಳಗೆ ಹೃದಯವು ಮಿಡಿಯಲಾರಂಭಿಸುವುದು.

ಬೆನ್ನೆಲುಬಿಲ್ಲದ ಪ್ರಾಣಿಗಳ ಮಾತೇನು? ಈ ಪ್ರಶ್ನೆಗೆ ಉತ್ತರದ ದಾರಿಯನ್ನು ತೋರಿಸಿದವನು ಇಂಗ್ಲೆಂಡಿನ ಥಾಮಸ್ ಹಕ್ಸ್ಲಿ. ಹಡಗಿನ ವೈದ್ಯನಾಗಿ ದಕ್ಷಿಣದ ಕಡಲುಗಳಲ್ಲಿ ಸಂಚರಿಸುತ್ತಿದ್ದಾಗ ಅವನು ಅಂಬಲಿಮೀನುಗಳನ್ನು ಸೀಳಿ ಪರೀಕ್ಷಿಸಿದನು. ಅವುಗಳ ಮೈ ಎರಡೇ ಪದರಗಳಿಂದ ಆದುದೆಂದೂ, ಆ ಎರಡು ಪದರಗಳು ಕೋಳಿಯ ಭ್ರೂಣದ ಹೊರ ಮತ್ತು ಒಳಪದರಗಳನ್ನು ಹೋಲುವುವೆಂದೂ 1849ರಲ್ಲಿ ಪ್ರಕಟಿಸಿದನು. ಎಂದರೆ ಕೋಳಿಯ ಮರಿ ಒಂದೆರಡು ದಿನ ಮಾತ್ರ ನಿಂತು ದಾಟಿಹೋಗುವ ಮೆಟ್ಟಿಲಿನ ಮೇಲೆ ಅಂಬಲಿಮೀನು ತನ್ನ ಆಯುಸ್ಸನ್ನೆಲ್ಲ ಕಳೆಯುವುದೆಂದಾಯಿತು. ಬಳಿಕ ರಷ್ಯದ ಅಲೆಕ್ಸಾಂಡರ್ ಕೊವಾಲೆವ್ಸ್ಕಿಯು 1871ರ ಹೊತ್ತಿಗೆ ಎರೆಹುಳು, ಕೀಟ ಮುಂತಾದವುಗಳ ಭ್ರೂಣಗಳಲ್ಲಿಯೂ ಅವೇ ಪದರಗಳಿರುವುದನ್ನು ತೋರಿಸಿಕೊಟ್ಟನು. ಅಲ್ಲಿಂದ ಮುಂದೆ ಪ್ರಾಣಿಲೋಕವನ್ನು ಪದರಗಳ ಎಣಿಕೆಯಿಂದ ವಿಂಗಡಿಸುವ ಕ್ರಮ ನೆಲೆಗೊಂಡಿತು.

ಆ ವಿಂಗಡಣೆ ಹೀಗಿದೆ. ಎಲ್ಲಕ್ಕಿಂತ ಕೆಳಗೆ ಸ್ಪಂಜಿನ ಪ್ರಾಣಿಗಳು. ಇವುಗಳಲ್ಲಿ ನಿಜವಾದ ಪದರಗಳೆಂದು ಹೇಳತಕ್ಕುವು ಇಲ್ಲ. ಅದರ ಮೇಲೆ ಎರಡು ಪದರಗಳ ಪ್ರಾಣಿಗಳು: ಅಂಬಲಿಮೀನು, ಹವಳದ ಹುಳು, ಮತ್ತು ಕೆರೆಕುಂಟೆಗಳ ತಿಳಿನೀರಿನಲ್ಲಿ ಗಿಡಗಳಿಗೆ ಅಂಟಿಕೊಂಡು ಬದುಕುವ ಹೈಡ್ರ. ಇವುಗಳಿಗೆ ರಕ್ತವಿಲ್ಲ, ಹೃದಯವಿಲ್ಲ, ಮೂತ್ರಪಿಂಡವಿಲ್ಲ; ಏಕೆಂದರೆ ಅವನ್ನು ಕಟ್ಟತಕ್ಕ ನಡುಪದರವೇ ಇಲ್ಲ. ಎರಡು ಪದರಗಳ ನಡುವೆ ಲೋಳೆಯಂಥ ವಸ್ತು ಮಾತ್ರ ಇರುವುದು. ಉಳಿದ ಬಹುಪಾಲು ಪ್ರಾಣಿಗಳು, ಹೊಟ್ಟೆಯೊಳಗಣ ಲಾಡಿಹುಳುವಿನಿಂದ ಹಿಡಿದು ಎರೆಹುಳು, ಬಸವನಹುಳು, ಜೇನುನೊಣ, ನಕ್ಷತ್ರಮೀನು, ಕಪ್ಪೆ, ಆನೆ, ಮನುಷ್ಯರವರೆಗೆ, ಮೂರು ಪದರಗಳವು. ನಡುಪದರವು ಬಂದುದರಿಂದಲೇ ಪ್ರಾಣಿಗಳಿಗೆ ಬಲವಾದ ಮಾಂಸಖಂಡಗಳೂ, ದೊಡ್ಡ ಮೈಯ ಮೂಲೆಮೂಲೆಗೆ ಆಹಾರವನ್ನೊಯ್ಯುವ ರಕ್ತವೂ ಒದಗಿದುವು. ತೆವಳಲು, ಓಡಲು, ಹಾರಲು ಬೇಕಾದ ಕಸುವೆಲ್ಲ ಈ ನಡುವಣ ಹಾಳೆಯ ಕೊಡುಗೆ.

ಮೂಡಲ ಬಾಗಿಲು ಎಂಬುದೇ ಮುಳಬಾಗಿಲಾಯಿತೆಂದು ಹೇಳುವರು. ಭ್ರೂಣಕ್ಕೂ ಒಂದು ಮೊದಲ ಬಾಗಿಲುಂಟು. ಕಣಗಳು ಒಳಕ್ಕೆ ಜಾರುವಾಗ ಉಂಟಾಗುವ ಕಂಡಿಯೇ ಅದು. ಎರೆಹುಳು, ಬಸವನಹುಳುಗಳ ಬಳಗದಲ್ಲಿ ಸಾಮಾನ್ಯವಾಗಿ ಆ ಕಂಡಿಯಿದ್ದ ಕಡೆ ಬಾಯಿ ಬರುವುದೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತ ಬಂದಿದ್ದಾರೆ. ಇದಕ್ಕೆ ಹೊರತಾದುವೂ ಉಂಟು. ನಕ್ಷತ್ರಮೀನು, ಕಪ್ಪೆ, ಕೋಳಿ, ಮನುಷ್ಯರ ಬಳಗದಲ್ಲಿ ಆ ಕಡೆಯಲ್ಲಿ ಬರುವುದು ಗುದದ್ವಾರ. ಬಾಯಿ ಅನಂತರ ಇನ್ನೊಂದು ತುದಿಯಲ್ಲಿ ತೆರೆಯುವುದು. ಆದುದರಿಂದಲೇ, ಕಣ್ಣಿಗೆ ಎಷ್ಟು ದೂರವೆಂದು ತೋರಿದರೂ, ಕಡಲಿನ ನಕ್ಷತ್ರಮೀನು ನಮಗೆ ಜೇನುನೊಣಕ್ಕಿಂತ ಹತ್ತಿರದ ನೆಂಟನೆಂದು ಎಣಿಸುವರು.

ಕಣಗಳು ಒಳಕ್ಕೆ ಜಾರುವ ಈ ಆಟವನ್ನು ಚೆನ್ನಾಗಿ ತೋರಿಸುವುದು ಕಪ್ಪೆಯ ಮೊಟ್ಟೆ. ಮುಂಗಾರಿನ ಮೊದಲ ದೊಡ್ಡ ಮಳೆಯ ಮರುದಿನ ಕೆರೆಯಂಚಿನಲ್ಲಿ ಲೋಳೆಯ ಮುದ್ದೆಗಳು ತೇಲುವುದನ್ನು ಹುಡುಗರು ನೋಡಿರುವರು. ಅದರೊಳಗಣ ಕಪ್ಪು ಕಾಳೊಂದೊಂದೂ ಒಂದೊಂದು ಮೊಟ್ಟೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾಯರು ದಕ್ಷಿಣ ಭಾರತದ ಕಪ್ಪೆಗಳನ್ನು ಅರಸಿ ವರ್ಣಿಸುವುದರಲ್ಲಿ ಬಹುಕಾಲ ದುಡಿದರು. 1932ರಲ್ಲಿ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಕಪ್ಪೆಯ ಸೋದರಸಂಬಂಧಿಯಾದ ನ್ಯೂಟ್ ಎಂಬ ಪ್ರಾಣಿಯ ಭ್ರೂಣದ ಮೇಲೆ ಜರ್ಮನಿಯ ಹಾನ್ಸ್ ಸ್ಪೆಮಾನ್ ಮತ್ತು ಅವನ ಶಿಷ್ಯೆ ಹಿಲ್ಡೆ ಮಾಂಗೋಲ್ಡ್ ನಡೆಸಿದ ಪ್ರಯೋಗವು 1924ರಲ್ಲಿ ಪ್ರಕಟವಾಯಿತು. ಒಂದು ಭ್ರೂಣದಲ್ಲಿ ಕಣಗಳು ಒಳಜಾರುವ ಕಂಡಿಯ ಮೇಲಂಚಿನಿಂದ ಸಣ್ಣ ತುಣುಕನ್ನು ತೆಗೆದು ಮತ್ತೊಂದರಲ್ಲಿ ನೆಟ್ಟಾಗ, ಅಲ್ಲಿ ಎರಡನೆಯ ಬೆನ್ನುಹುರಿಯೂ ಎರಡನೆಯ ಮೈಯೂ ಬೆಳೆದುವು. ಹೆಚ್ಚಿನ ಪಾಲು ನೆಟ್ಟ ತುಣುಕಿನಿಂದ ಬೆಳೆದುದಲ್ಲ. ಆ ತುಣುಕಿನ ಮಾತು ಕೇಳಿ ಸುತ್ತಲಿನ ಕಣಗಳೇ ಬೇರೆ ದಾರಿ ಹಿಡಿದು ಕಟ್ಟಿದುದು. ಪದರಗಳು ಒಂದರ ಮಾತನ್ನೊಂದು ಕೇಳುವುವೆಂಬುದು ಇದರಿಂದ ಗೊತ್ತಾಯಿತು. ಸ್ಪೆಮಾನನಿಗೆ 1935ರಲ್ಲಿ ನೊಬೆಲ್ ಬಹುಮಾನ ಬಂದಿತು. ಕೋಳಿಯ ಭ್ರೂಣದಲ್ಲಿಯೂ ಹೀಗೆಯೇ: ರೆಕ್ಕೆಯ ಹೊರಪದರದ ಕೆಳಗೆ ಪಾದದ ನಡುಪದರವನ್ನಿಟ್ಟರೆ, ಗರಿ ಬರಬೇಕಾದಲ್ಲಿ ಪಾದದ ಹುರುಪೆಗಳು ಬರುವುವು. ಹೊರಗಿನ ಹಾಳೆಗೆ ಏನಾಗಬೇಕೆಂದು ಹೇಳುವುದು ಅದರ ಕೆಳಗಣ ಹಾಳೆ.

ಇನ್ನು ನಮ್ಮ ಸೀಮೆಯ ಹುಳುವಿಗೆ ಬರೋಣ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸುಬಿನಲ್ಲಿ ಮೊಟ್ಟೆಯೇ ಬಂಡವಾಳ. ರೇಷ್ಮೆ ಚಿಟ್ಟೆಯ ಮೊಟ್ಟೆ ಒಂದು ಸಾಸಿವೆಕಾಳಿನಷ್ಟೂ ಇಲ್ಲ. ಅದರೊಳಗೆ ಭಂಡಾರದ ಮೇಲೆ ಕಣಗಳ ಒಂದು ಪಟ್ಟಿ ಹಬ್ಬುವುದು. ಪಟ್ಟಿಯ ನಡುವಣ ಗೆರೆಯುದ್ದಕ್ಕೂ ಇರುವ ಕಣಗಳು ಒಳಗಿಳಿದು ನಡುಪದರವಾಗುವುವು. ಎರಡು ತುದಿಗಳ ಕಡೆಯಿಂದ ನಡುಗರುಳನ್ನು ಕಟ್ಟುವ ಒಳಪದರ ಬರುವುದು. ಮೇಲೆ ಉಳಿದುದು ಹೊರಪದರ. ನಮ್ಮ ನರಹುರಿ ಬೆನ್ನಿನ ಕಡೆಯಿದ್ದರೆ ಹುಳುವಿನ ನರಹುರಿ ಹೊಟ್ಟೆಯ ಕಡೆಯಿರುವುದು. ಆದರೆ ಎರಡೂ ಹೊರಪದರದ ಮಕ್ಕಳೇ. ಹುಳುವಿನ ಬಾಯಿಯ ಕೆಳತುಟಿಯ ಬಳಿ ಹೊರಪದರವು ಎರಡು ಕಡೆ ಒಳಕ್ಕೆ ಮಡಿಚಿಕೊಂಡು ಎರಡು ನಾಳಗಳಾಗುವುದು. ಬೇರೆ ಕೀಟಗಳಲ್ಲಿ ಜೊಲ್ಲನ್ನು ಸುರಿಸುವ ಈ ನಾಳಗಳೇ ರೇಷ್ಮೆ ಹುಳುವಿನಲ್ಲಿ ರೇಷ್ಮೆಯ ಗ್ರಂಥಿಗಳು.

ಇಲ್ಲಿ ಗಮನಿಸಬೇಕಾದ ಒಂದು ಮಾತುಂಟು. ಒಂದೊಂದು ಗ್ರಂಥಿಯಲ್ಲಿ ಸುಮಾರು 1000 ಜೀವಕಣಗಳಿರುವುವು. ಈ ಎಣಿಕೆ ಹುಳು ಮೊಟ್ಟೆಯೊಡೆದು ಹೊರಬರುವುದಕ್ಕೆ ಮೊದಲೇ ಮುಗಿದುಹೋಗುವುದು. ಆ ಬಳಿಕ ಒಂದು ಕಣವೂ ಹೆಚ್ಚದು. ಹುಳುವಿನ ತೂಕ ಹತ್ತಿರ ಹತ್ತಿರ ಹತ್ತು ಸಾವಿರ ಪಟ್ಟು ಏರುವಾಗ, ಇದ್ದ ಕಣಗಳೇ ಉಬ್ಬಿ ಉಬ್ಬಿ ದೊಡ್ಡವಾಗುವುವು; ಅವುಗಳೊಳಗಣ ಆನುವಂಶಿಕ ದ್ರವ್ಯವು ಲಕ್ಷಗಟ್ಟಲೆ ಪಟ್ಟು ಹೆಚ್ಚುವುದು. ಗೂಡು ಕಟ್ಟುವ ಹಣ್ಣುಹುಳುವಿನ ಮೈಯನ್ನು ಬಹುಮಟ್ಟಿಗೆ ತುಂಬಿಕೊಂಡಿರುವುದು ಈ ಜೋಡಿ ಗ್ರಂಥಿಗಳೇ. ನೂರಾರು ಮೀಟರು ಉದ್ದದ, ಉತ್ತಮ ತಳಿಗಳಲ್ಲಿ 1000 ಮೀಟರಿಗೂ ಮಿಕ್ಕ ನೂಲನ್ನು ನೂಲುವ ಕೂಲಿಗಳ ಸಂಖ್ಯೆ ಮೊಟ್ಟೆಯೊಳಗೇ ಗೊತ್ತಾಗಿಬಿಡುವುದೆಂದ ಮೇಲೆ, ಮೊಟ್ಟೆಗಳನ್ನು ಬಿಸಿಲಿನಲ್ಲಿ ತರುವುದು, ಒಲೆಯ ಬಳಿ ಇಡುವುದು, ಹೊಗೆಸೊಪ್ಪು ಅಥವಾ ಟೊಮ್ಯಾಟೊ ತೋಟಕ್ಕೆ ಹೊಡೆಯುವ ಔಷಧದ ಸಂಗಡ ಇಡುವುದು ಎಷ್ಟು ಅವಿವೇಕವೆಂಬುದನ್ನು ಹೇಳಬೇಕಾಗಿಲ್ಲ. ತಂಪು ಹೊತ್ತಿನಲ್ಲಿ ತಂದು, 25 ಡಿಗ್ರಿಯ ಹಾಗೆ ಹದವಾದ ಉಷ್ಣತೆಯಲ್ಲಿಯೂ ಸಾಕಷ್ಟು ತೇವದಲ್ಲಿಯೂ ಇಟ್ಟರೆ ಹತ್ತು ದಿನಗಳ ಸುಮಾರಿಗೆ ಹುಳು ಹೊರಡುವುದು. ಮೊಟ್ಟೆಯಲ್ಲಿ ತಲೆಯ ಕಪ್ಪು ಚುಕ್ಕೆ ಕಂಡಾಗ ಕರಿಯ ಕಾಗದದಿಂದ ಮುಚ್ಚಿ, ಗೊತ್ತಾದ ಬೆಳಗ್ಗೆ ಬೆಳಕಿಗೆ ತೆರೆಯುವುದು ಎಲ್ಲ ಹುಳುಗಳನ್ನೂ ಒಂದೇ ಹೊತ್ತಿಗೆ ಎಬ್ಬಿಸುವ ಉಪಾಯ.

ವರ್ಷಕ್ಕೆರಡು ಬೆಳೆಯ ತಳಿಗಳಲ್ಲಿ ಮತ್ತೊಂದು ಸೋಜಿಗವಿದೆ. ಅವುಗಳ ಮೊಟ್ಟೆಯೊಳಗಣ ಭ್ರೂಣವು ಪದರಗಳನ್ನು ಕಟ್ಟಿ, ನಡುಪದರವನ್ನು ತುಂಡುತುಂಡಾಗಿ ವಿಂಗಡಿಸಿಕೊಳ್ಳುವ ಹೊತ್ತಿಗೆ ಹಾಗೆಯೇ ನಿದ್ದೆ ಹೋಗುವುದು. ಈ ನಿದ್ದೆ ಬರುವುದೋ ಬಾರದೋ ಎಂಬುದು ಆ ಮೊಟ್ಟೆಯ ಭಾಗ್ಯದಿಂದಲ್ಲ. ಅದರ ತಾಯಿ ತಾನೇ ಮೊಟ್ಟೆಯೊಳಗಿದ್ದಾಗ ಕಂಡ ಕಾವು, ಬೆಳಕುಗಳಿಂದ. ತಾಯಿ ಮೊಟ್ಟೆಯಾಗಿದ್ದಾಗ ಬೆಚ್ಚಗೆ ಬೆಳಕಿನಲ್ಲಿದ್ದರೆ ಅವಳ ಮೊಟ್ಟೆಗಳು ನಿದ್ದೆ ಹೋಗುವುವು. ತಂಪಾಗಿ ಕತ್ತಲೆಯಲ್ಲಿದ್ದರೆ ಬೇಗ ಎಚ್ಚರಗೊಳ್ಳುವುವು. ನಿದ್ದೆಯ ಮೊಟ್ಟೆಗಳನ್ನು ಬಿತ್ತನೆ ಕೋಠಿಗಳಲ್ಲಿ ಆಮ್ಲದಲ್ಲಿ ಅದ್ದಿ ಎಬ್ಬಿಸುವರು. ಅಜ್ಜಿಯ ಮನೆಯ ಹವೆ ಮೊಮ್ಮಕ್ಕಳ ನಿದ್ದೆಯನ್ನು ನಿರ್ಣಯಿಸುವುದೆಂದರೆ ಇದೇ.

ಹುಳುವಿನ ರೋಗಗಳಿಗೂ ಪದರಗಳಿಗೂ ಸಂಬಂಧವುಂಟು. ಹುಳು ನಾಲ್ಕು ಸಲ ಪೊರೆ ಬಿಡುವುದು. ನಮ್ಮ ಜನ ಇದನ್ನು ಜ್ವರವೆನ್ನುವರು. ಆಗ ಕಳಚುವುದು ಮೈಯ ಮೇಲಣ ಚರ್ಮ ಮಾತ್ರವಲ್ಲ. ಮುಂಗರುಳು, ಹಿಂಗರುಳು, ಉಸಿರಿನ ನಾಳಗಳ ಒಳಮೈಯೂ ಕಳಚುವುದು. ಏಕೆಂದರೆ ಇವೆಲ್ಲ ಒಳಗೆ ಮಡಿಚಿಕೊಂಡ ಹೊರಪದರವೇ. ನಡುಗರುಳಿಗೆ ಮಾತ್ರ ಈ ಗಟ್ಟಿ ಹೊದಿಕೆಯಿಲ್ಲ, ಅದು ಒಳಪದರದ್ದು. ಆದುದರಿಂದ ಸೊಪ್ಪಿನ ಸಂಗಡ ಬಾಯಿಗೆ ಹೋಗುವ ಹಾಲುತೊಂಡೆ ರೋಗದ ವಿಷಾಣುವೂ ಗಂಟುರೋಗದ ಕಣವೂ ನಡುಗರುಳಿನಲ್ಲಿಯೇ ಒಳನುಗ್ಗುವುವು. ಸುಣ್ಣಕಟ್ಟು ರೋಗದ ಬೂಷ್ಟಾದರೋ ಹೊರಗಿನ ಚರ್ಮವನ್ನೇ ಕೊರೆದು ಹೊಗುವುದು. ಮೊದಲಿನವಕ್ಕೆ ಶುಚಿಯಾದ ಸೊಪ್ಪು ಮತ್ತು ತೊಳೆದ ತಟ್ಟೆ, ಕಡೆಯದಕ್ಕೆ ಒಣಗಿದ ಹಾಸಿಗೆ ಏಕೆ ಮುಖ್ಯವೆಂಬುದು ಇದರಿಂದ ವಿಶದವಾಗುವುದು. ಜ್ವರದ ಹೊತ್ತಿನಲ್ಲಿ ಹಾಸಿಗೆಯ ಮೇಲೆ ಸುಣ್ಣದ ಪುಡಿಯನ್ನು ಉದುರಿಸುವುದು ತೇವವನ್ನು ಹೀರಲೆಂದೇ. ಗಂಟುರೋಗಕ್ಕೆ ಇನ್ನೊಂದು ದಾರಿಯೂ ಉಂಟು: ಅದು ತಾಯಿಯಿಂದ ಮೊಟ್ಟೆಯೊಳಕ್ಕೇ ಇಳಿಯುವುದು. ಫ್ರಾನ್ಸಿನಲ್ಲಿ ರೇಷ್ಮೆಯ ಕಸುಬು ಈ ರೋಗದಿಂದ ಹಾಳಾಗುತ್ತಿದ್ದಾಗ ಲೂಯಿ ಪಾಸ್ಚರನು 1865ರಿಂದ ಮೊದಲುಮಾಡಿ ಐದಾರು ವರ್ಷ ದುಡಿದು, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿದ್ದರೆ ಆ ಮೊಟ್ಟೆಗಳನ್ನು ಸುಟ್ಟುಬಿಡುವ ಕ್ರಮವನ್ನು ಕಲಿಸಿದನು. ರೋಗರಹಿತ ಮೊಟ್ಟೆಯೆಂದು ನಮ್ಮ ರೈತರು ಕೊಳ್ಳುವುದು ಆ ಕ್ರಮದ ಫಲ. ಅಗ್ಗವೆಂದು ಪರೀಕ್ಷೆಯಿಲ್ಲದ ಮೊಟ್ಟೆಯನ್ನು ತರುವುದು ಮನೆಗೆ ರೋಗವನ್ನು ಕೊಂಡುತಂದಂತೆ.

ಕೊಟ್ಟಿಗೆಯ ಕಡೆ ತಿರುಗಿದರೆ ಅಲ್ಲಿಯೂ ಇದೇ ನೀತಿ. ಹಸುವಿನ ಗರ್ಭ ಸುಮಾರು 280 ದಿನ. ಕೆಚ್ಚಲಿನ ಮೊಳಕೆಗಳು ಎರಡನೆಯ ತಿಂಗಳಿನೊಳಗೇ ಭ್ರೂಣದ ಹೊರಪದರದಲ್ಲಿ ಗಂಟುಗಳಾಗಿ ಮೂಡಿ, ಕೆಳಗಿನ ನಡುಪದರದೊಳಕ್ಕೆ ಬೇರುಬಿಡುವುವು. ಹಾಲನ್ನು ಮಾಡುವ ಕಣಗಳು ಹೊರಪದರದವು. ಅವಕ್ಕೆ ರಕ್ತವನ್ನು ತಂದೀಯುವ ನಾಳಗಳೂ ಆಧಾರದ ಕೊಬ್ಬೂ ನಡುಪದರದವು. ಬೆವರಿನ ಗ್ರಂಥಿಯ ಹತ್ತಿರದ ನೆಂಟನೇ ಹಾಲಿನ ಗ್ರಂಥಿ. ಹಾಲುಣ್ಣುವ ಕೂಸೂ, ರೇಷ್ಮೆಯುಡುವ ಮದುವಣಗಿತ್ತಿಯೂ ಒಂದೊಂದು ಪ್ರಾಣಿಯ ಹೊರಪದರಕ್ಕೆ ಋಣಿಗಳು.

ಈಗ ನಮ್ಮ ಮನೆಯ ಮಕ್ಕಳ ಮಾತು. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚು. ಮುಳಬಾಗಿಲಿನ ಸುತ್ತಣ ಹಳ್ಳಿಗಳೂ ಇದಕ್ಕೆ ಹೊರತಲ್ಲ. ಹಲ್ಲಿನ ಮೇಲಣ ಹೊಳಪಿನ ಕವಚವನ್ನು ಕಟ್ಟುವುದು ಹೊರಪದರದಿಂದ ಬಂದ ಕಣಗಳು. ಹಲ್ಲು ಒಸಡಿನಿಂದ ಹೊರಬರುವ ಹೊತ್ತಿಗೆ ಈ ಕಣಗಳು ತಮ್ಮ ಕೆಲಸವನ್ನು ಮುಗಿಸಿ ಅಳಿದುಹೋಗುವುವು. ಆದುದರಿಂದ ಮಗು ಹುಟ್ಟಿದಂದಿನಿಂದ ಎಂಟು ವರ್ಷದೊಳಗೆ ಫ್ಲೋರೈಡು ಮಿತಿಮೀರಿದ ನೀರನ್ನು ಕುಡಿದರೆ, ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳು ಬಿದ್ದು ಹಾಗೆಯೇ ಉಳಿಯುವುವು. ಎಷ್ಟು ತಿಕ್ಕಿದರೂ ಹೋಗವು. ಆ ಕಲೆಗೆ ಮಕ್ಕಳ ಕೊಳಕುತನ ಕಾರಣವಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮು ಫ್ಲೋರೈಡಿದ್ದರೆ ಒಪ್ಪತಕ್ಕುದು. ಬೇರೆ ನೀರು ಇಲ್ಲದಿದ್ದಾಗ 1.5ರವರೆಗೆ ಸಹಿಸಬಹುದೆಂದು ನಮ್ಮ ದೇಶದ ನಿಯಮ. ನೀರನ್ನು ಕುದಿಸಿದರೆ ಫ್ಲೋರೈಡು ಕಳೆಯದು, ಹಿಂಗಿದ ನೀರಿನಲ್ಲಿ ಅದು ಇನ್ನಷ್ಟು ದಟ್ಟವಾಗುವುದು. ಮನೆಯಲ್ಲಿ ಶುದ್ಧ ನೀರು ಸ್ವಲ್ಪವೇ ದೊರೆಯುವುದಾದರೆ ಅದು ಮೊದಲು ಸಲ್ಲತಕ್ಕುದು ಚಿಕ್ಕಮಕ್ಕಳ ಲೋಟಕ್ಕೆ. ಮಳೆಯ ನೀರನ್ನು ಶುಚಿಯಾದ ಮಾಡಿನಿಂದ ಹಿಡಿದಿಟ್ಟುಕೊಳ್ಳುವ ಪದ್ಧತಿಗೆ ಇದಕ್ಕಿಂತ ದೊಡ್ಡ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಬಸುರಿಯ ವಿಷಯ. ಮನುಷ್ಯರ ಭ್ರೂಣದಲ್ಲಿ ಮೂರು ಪದರಗಳು ಏರ್ಪಡುವುದು ಗರ್ಭನಿಂತ ಮೂರನೆಯ ವಾರದಲ್ಲಿ. ಕೂಡಲೇ ಬೆನ್ನಿನ ಕಡೆಯ ಹೊರಪದರವು ದಪ್ಪವಾಗಿ, ಎರಡು ಅಂಚುಗಳು ಮೇಲೆದ್ದು, ವೀಳೆಯದೆಲೆಯನ್ನು ಸುರುಳಿ ಸುತ್ತಿದಂತೆ ಕೂಡಿ ಕೊಳವೆಯಾಗುವುದು. ಇದೇ ಮುಂದೆ ಮಿದುಳು ಮತ್ತು ಬೆನ್ನುಹುರಿ. ಈ ಕೊಳವೆ 28ನೆಯ ದಿನದ ಸುಮಾರಿಗೆ ಮುಚ್ಚಿಬಿಡಬೇಕು. ಮುಚ್ಚದೆ ಕೆಳಗೆ ಬಾಯಿಬಿಟ್ಟರೆ ಮಗುವಿನ ಬೆನ್ನುಹುರಿ ತೆರೆದುಕೊಂಡಿರುವುದು. ಮೇಲೆ ಬಾಯಿಬಿಟ್ಟರೆ ಮಿದುಳೇ ಬೆಳೆಯದು. 28ನೆಯ ದಿನವೆಂದರೆ ಮುಟ್ಟು ತಪ್ಪಿ ಎರಡು ವಾರಗಳಾಗಿರುವ ಕಾಲ. ಎಷ್ಟೋ ಹೆಂಗಸರಿಗೆ ಆಗ ತಾವು ಬಸುರಿಯೆಂಬುದೇ ನಿಶ್ಚಯವಾಗಿರದು. ಅತ್ತೆಗೆ ಹೇಳಿ, ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕೊಳವೆ ಮುಚ್ಚಿಯೋ ತೆರೆದೋ ಆಗಿರುವುದು.

ಫೋಲಿಕ್ ಆಮ್ಲವೆಂಬ ಜೀವಸತ್ವವು ಮೈಯಲ್ಲಿ ಮೊದಲೇ ಸಾಕಷ್ಟಿದ್ದರೆ ಈ ಕೇಡು ಬಹುಮಟ್ಟಿಗೆ ತಪ್ಪುವುದೆಂದು 1991ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಿಂದ ಸ್ಥಿರಪಟ್ಟಿತು. ಏಳು ದೇಶಗಳಲ್ಲಿ ನಡೆದ ಆ ಪರೀಕ್ಷೆಯಲ್ಲಿ, ಹಿಂದೆ ಇಂತಹ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಗರ್ಭಕ್ಕೆ ಮುಂಚಿನಿಂದಲೇ ಈ ಜೀವಸತ್ವವನ್ನು ಕೊಟ್ಟಾಗ, ಕೇಡು ನೂರಕ್ಕೆ ಸುಮಾರು 70ರಷ್ಟು ತಗ್ಗಿತು. ಅಂದಿನಿಂದ ಮಗುವನ್ನು ಬಯಸುವ ಹೆಂಗಸರೆಲ್ಲರೂ ದಿನಕ್ಕೆ 400 ಮೈಕ್ರೋಗ್ರಾಮಿನಂತೆ ಇದನ್ನು ಗರ್ಭಕ್ಕೆ ಮೊದಲೇ ಸೇವಿಸಬೇಕೆಂದು ವೈದ್ಯರು ಹೇಳುತ್ತಾರೆ. ಹಿಂದೆ ಇಂತಹ ಮಗು ಹುಟ್ಟಿದ್ದವರಿಗೆ ಇನ್ನೂ ಹೆಚ್ಚಿನ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡುವರು. ಸೊಪ್ಪು, ಕಾಳುಗಳಲ್ಲಿ ಈ ಸತ್ವವುಂಟು. ನಮ್ಮ ಸೀಮೆಯ ಮಸ್ಸೊಪ್ಪು, ಬಸ್ಸಾರುಗಳು ಇದಕ್ಕೆ ಒಳ್ಳೆಯ ಆಹಾರ. ಬೇಯಿಸುವಾಗ ಸ್ವಲ್ಪ ಭಾಗ ನಾಶವಾಗುವುದರಿಂದಲೂ, ಬೇಯಿಸಿದ ನೀರನ್ನು ಚೆಲ್ಲಿದರೆ ಮತ್ತಷ್ಟು ಹೋಗುವುದರಿಂದಲೂ, ಊಟವನ್ನೇ ನಂಬದೆ ಮಾತ್ರೆಯನ್ನೂ ಸೇವಿಸುವುದು ಲೇಸು. ಮದುವೆಯಾದ ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಮಡಿಲಿಗೆ ತುಂಬುವ ವಸ್ತುಗಳ ಸಂಗಡ ಈ ತಿಳಿವಳಿಕೆಯನ್ನೂ ತುಂಬಿ ಕಳುಹಿಸಬೇಕೆಂಬುದು ನಮ್ಮ ಬಿನ್ನಹ.

ಇದರ ಜೊತೆಗೆ ಮತ್ತೊಂದು ಮಾತನ್ನೂ ಹೇಳದೆ ಇರಲಾರೆವು. ನರದ ಕೊಳವೆ ಮುಚ್ಚುವಾಗ ಅದರ ಅಂಚಿನಿಂದ ಕೆಲವು ಕಣಗಳು ಹೊರಟು ಮುಖದ ಕಡೆಗೆ ಸಾಗಿ, ದವಡೆ, ಮುಖದ ಎಲುಬು, ಹಲ್ಲಿನ ಒಳಭಾಗ ಮೊದಲಾದುವನ್ನು ಕಟ್ಟುವುವು. ಎಲುಬೆಂದರೆ ನಡುಪದರದ್ದೆಂದು ನಾವು ಮೇಲೆ ಹೇಳಿದ ನಿಯಮಕ್ಕೆ ಇದು ದೊಡ್ಡ ಅಪವಾದ. 1893ರಲ್ಲಿ ಜೂಲಿಯ ಪ್ಲಾಟ್ ಎಂಬ ಅಮೆರಿಕದ ಮಹಿಳೆ, ತಲೆಯ ಮೃದ್ವಸ್ಥಿಯು ಹೊರಪದರದಿಂದ ಬರುವುದೆಂದು ಬರೆದಾಗ ಆ ಕಾಲದ ಅನೇಕ ಪಂಡಿತರು ಒಪ್ಪಲಿಲ್ಲ. ಪದರದ ನಿಯಮವೇ ಅವರಿಗೆ ವೇದವಾಗಿತ್ತು. ಕೆಲಸ ಸಿಕ್ಕದೆ ಆಕೆ ವಿಜ್ಞಾನವನ್ನು ಬಿಟ್ಟು, 1931ರಲ್ಲಿ ತಮ್ಮ ಊರಿನ ಪುರಸಭೆಯ ಅಧ್ಯಕ್ಷೆಯಾದರು. ಆಕೆಯ ಮಾತೇ ನಿಜವೆಂಬುದು ಮುಂದೆ ಸಿದ್ಧಪಟ್ಟಿತು. ನಿಯಮವು ನಿಸರ್ಗದಿಂದ ಬಂದುದೇ ಹೊರತು ನಿಸರ್ಗವು ನಿಯಮದಿಂದ ಬಂದುದಲ್ಲ.

ಆ ಅಲೆಮಾರಿ ಕಣಗಳು ಕಟ್ಟಿದ ಮುಖದ ಎರಡು ಪಕ್ಕಗಳು ಏಳನೆಯ ವಾರದೊಳಗೆ ನಡುವೆ ಕೂಡಿ ಮೇಲ್ದುಟಿಯಾಗಬೇಕು. ಕೂಡದಿದ್ದರೆ ಸೀಳುತುಟಿ. ಗ್ರಹಣದ ದಿನ ಬಸುರಿ ಕತ್ತರಿ ಹಿಡಿದಳು, ಹೊರಗೆ ಬಂದಳು ಎಂದು ಸೊಸೆಯನ್ನು ದೂರುವ ಮನೆಗಳು ಇನ್ನೂ ಇವೆ. ತುಟಿ ಕೂಡುವ ಕಾಲ ಬಸುರಿನ ಎರಡನೆಯ ತಿಂಗಳು. ನಾಲ್ಕು, ಐದು, ಆರನೆಯ ತಿಂಗಳಿನಲ್ಲಿ ಗ್ರಹಣ ಬಂದು ತುಟಿಯನ್ನು ಸೀಳಿತೆಂದು ಹೇಳುವುದು, ಕೊಯ್ಲಾದ ಗದ್ದೆಗೆ ಮಿಡತೆ ಬಿದ್ದು ಪೈರು ಹಾಳಾಯಿತೆಂದು ಹೇಳಿದಂತೆ. ಸೀಳುತುಟಿಗೆ ಶಸ್ತ್ರಚಿಕಿತ್ಸೆಯುಂಟು, ಅದನ್ನು ಎಳೆಯ ಮಗುವಿನಲ್ಲಿಯೇ ಮಾಡಿಸಬಹುದು. ತಾಯಿಯ ಮೇಲೆ ಹೊರಿಸಿದ ಅಪವಾದಕ್ಕೆ ಚಿಕಿತ್ಸೆ ಮನೆಯವರ ಕೈಯಲ್ಲೇ ಇದೆ.

ಅಂಬಲಿಮೀನಿನಿಂದ ಮನುಷ್ಯನವರೆಗೆ ನಾವು ನೋಡಿದುದರಲ್ಲಿ ಗೃಹಸ್ಥನು ನೆನಪಿನಲ್ಲಿಡಬೇಕಾದುದು ಇಷ್ಟು: ಕೆಲವು ಕೆಲಸಗಳು ಜೀವಮಾನದಲ್ಲಿ ಒಮ್ಮೆ ಮಾತ್ರ ನಡೆಯುವುವು, ಅದೂ ಕಣ್ಣಿಗೆ ಬೀಳದ ಹೊತ್ತಿನಲ್ಲಿ. ರೇಷ್ಮೆ ಹುಳುವಿನ ಗ್ರಂಥಿಯ ಕಣಗಳ ಎಣಿಕೆ ಮೊಟ್ಟೆಯಲ್ಲಿಯೇ, ಹಲ್ಲಿನ ಕವಚ ಒಸಡಿನೊಳಗೇ, ಮಗುವಿನ ಬೆನ್ನುಹುರಿ ಮೊದಲ ನಾಲ್ಕು ವಾರಗಳಲ್ಲಿಯೇ. ಹೊತ್ತು ಮೀರಿದ ಮೇಲೆ ಎಷ್ಟು ಸೊಪ್ಪು ಹಾಕಿದರೂ, ಎಷ್ಟು ಹಲ್ಲುಪುಡಿ ತಿಕ್ಕಿದರೂ, ಎಷ್ಟು ಹರಕೆ ಹೊತ್ತರೂ ಆ ಹೊತ್ತು ಮರಳದು. ಹೊತ್ತಿಗೆ ಮೊದಲು ಮಾಡತಕ್ಕುದಾದರೋ ಬಹಳ ಸುಲಭ: ಪರೀಕ್ಷಿಸಿದ ಮೊಟ್ಟೆ, ಮಿತವಾದ ಕಾವು, ಶುದ್ಧವಾದ ನೀರು, ಒಂದು ಚಿಕ್ಕ ಮಾತ್ರೆ, ಮತ್ತು ಸೊಸೆಯ ವಿಷಯದಲ್ಲಿ ಸ್ವಲ್ಪ ದಯೆ.

ಮುಂದಿನ ಸಂಚಿಕೆಯಲ್ಲಿ ಎರೆಹುಳುವಿನ ವ್ಯವಸಾಯವನ್ನು ಕುರಿತು ನಾಲ್ಕು ಮಾತು ಬರೆಯುವೆವು.